ಅಜ್ಜಿಯ ಕಾಡಿಗೆ, ಫ್ಯಾರಡೆಯ ಚಿನ್ನ

ಕಾಡಿಗೆ ಮಾಡುವ ದಿನ ಮಕ್ಕಳು ನಡುಮನೆಯ ಮೂಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಗಾಳಿಯಾಡಬಾರದು ಎಂದು ಅಜ್ಜಿ ಕಿಟಕಿ ಮುಚ್ಚಿಬಿಡುತ್ತಿದ್ದಳು. ಹಳೆಯ ಪಂಚೆಯ ಚಿಂದಿಯನ್ನು ಗರುಗದ ಸೊಪ್ಪಿನ ರಸದಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ಹಣತೆಗೆ ಇಡುತ್ತಿದ್ದಳು. ಹಣತೆಯ ಎರಡು ಪಕ್ಕಕ್ಕೆ ಎರಡು ಇಟ್ಟಿಗೆ, ಅವುಗಳ ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ಉರಿಯ ತುದಿ ತಟ್ಟೆಗೆ ತಾಗಿಯೂ ತಾಗದಂತಿರಬೇಕು. ಅದಕ್ಕಾಗಿ ಇಟ್ಟಿಗೆಯ ಮೇಲೆ ಹಂಚಿನ ಚೂರುಗಳನ್ನು ಇಡುವುದು, ತೆಗೆಯುವುದು, ಮತ್ತೆ ಇಡುವುದು. ಬೆಳಗ್ಗೆ ತಟ್ಟೆ ಮಗುಚಿದರೆ ಮಖಮಲ್ಲಿನಂಥ ಕಪ್ಪು ತುಂಬಿಕೊಂಡಿರುತ್ತಿತ್ತು. ಅದನ್ನು ಕೆರೆದು ತೆಗೆದು, ಎರಡು ಹನಿ ಹರಳೆಣ್ಣೆ ಬಿಟ್ಟು, ಬೆರಳಿನಲ್ಲಿ ಮಿದ್ದು ಕರಡಿಗೆಗೆ ತುಂಬಿದರೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಕಾಡಿಗೆ, ತೊಟ್ಟಿಲ ಮಗುವಿಗೆ ದೃಷ್ಟಿಬೊಟ್ಟು. ಪಕ್ಕದ ಮನೆಯವರು ಅದೇ ಎಣ್ಣೆ, ಅದೇ ಸೊಪ್ಪಿನಲ್ಲಿ ಮಾಡಿದರೂ ಅಷ್ಟು ನುಣುಪು ಬರುತ್ತಿರಲಿಲ್ಲ. ‘ಅದು ಅವಳ ಕೈಗುಣ’ ಎಂದು ಎಲ್ಲರೂ ಹೇಳುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ದೀಪದ ಮಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವೊಂದನ್ನು ನೋಡಿದೆ. ಮಣಿ ಮಣಿಯಾಗಿ ಪೋಣಿಸಿಟ್ಟ ಸರಗಳಂತೆ ಕಾಣುತ್ತಿತ್ತು. ಒಂದೊಂದು ಮಣಿಯ ಅಡ್ಡಳತೆ ಸಾಮಾನ್ಯವಾಗಿ 10ರಿಂದ 50 ನ್ಯಾನೊಮೀಟರ್. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಇದು ಬುದ್ಧಿಗೆ ಸುಲಭವಾಗಿ ಸಿಗುವ ಅಳತೆಯಲ್ಲ, ಆದ್ದರಿಂದ ಹೀಗೆ ಹೇಳುತ್ತೇನೆ: ನಿಮ್ಮ ಕೈಯ ಉಗುರು ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ನ್ಯಾನೊಮೀಟರ್ ಬೆಳೆಯುತ್ತದೆ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಬೆಳೆದ ಉಗುರಿನ ಉದ್ದಕ್ಕಿಂತ ಮಸಿಯ ಒಂದು ಕಣ ತುಸು ದೊಡ್ಡದು, ಅಷ್ಟೆ. ಜ್ವಾಲೆಯೊಳಗೆ ಹುಟ್ಟುವ ಈ ಕಣ ಎಷ್ಟು ಹೊತ್ತು ಬಿಸಿಯಲ್ಲಿ ನಿಂತಿತು, ಎಷ್ಟು ಗಾಳಿ ಸಿಕ್ಕಿತು, ಎಷ್ಟು ಬೇಗ ತಣ್ಣಗಿನ ಲೋಹಕ್ಕೆ ಅಂಟಿತು ಎಂಬುದರ ಮೇಲೆ ಅದರ ಗಾತ್ರವೂ ಗುಣವೂ ನಿಲ್ಲುತ್ತವೆ. ಮುಚ್ಚಿದ ಕಿಟಕಿ, ತಾಮ್ರದ ತಟ್ಟೆ, ಹಂಚಿನ ಚೂರು ಮೂರೂ ನನಗೆ ಅಂದು ಅರ್ಥವಾದವು. ಕೈಗುಣ ಎಂದು ನಾವು ಕರೆದದ್ದರ ಒಳಗೆ ಅಳತೆ ಇತ್ತು.

ನ್ಯಾನೊ ತಂತ್ರಜ್ಞಾನ ಎಂದರೆ ಬಿಳಿಯ ಕೋಟು, ಗಾಜಿನ ಕೋಣೆ, ಕೋಟಿಗಟ್ಟಲೆ ಬೆಲೆಯ ಯಂತ್ರ ಎಂದು ನಾವೆಲ್ಲ ಎಣಿಸಿದ್ದೇವೆ. ಆ ಹೆಸರು ಹೊಸದೇ ಹೌದು, ಜಪಾನಿನ ನೋರಿಯೊ ತಾನಿಗುಚಿ ಅದನ್ನು ಬಳಕೆಗೆ ತಂದದ್ದು 1974ರಲ್ಲಿ. ಆದರೆ ಆ ಅಳತೆಯ ಜಗತ್ತು ಮನುಷ್ಯನಿಗೆ ಮೊದಲು ಎದುರಾದದ್ದು ಬಣ್ಣವಾಗಿ, ಒಡವೆಯಾಗಿ, ಮಸಿಯಾಗಿ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಕಾಣುವುದೇ ಇಲ್ಲ. ಮೇಲೆ ಮಸಿ ಸವರಿ ಒರೆಸಿದಾಗ ಕೊರೆದ ಗೀರಿನಲ್ಲಿ ಉಳಿದ ಕಪ್ಪು ಅಕ್ಷರವಾಗುತ್ತದೆ. ನಮ್ಮ ಹಿಂದಿನ ಲೆಕ್ಕಪತ್ರಗಳ ಕಡತವೂ ಕಪ್ಪಿನದೇ ಕೆಲಸ: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ನೀವು ಈಗ ಓದುತ್ತಿರುವುದು ಅಚ್ಚಾದ ಪತ್ರಿಕೆಯಾದರೆ ಅದರ ಕಪ್ಪು ಅಕ್ಷರಗಳೂ ಇಂಥದೇ ನ್ಯಾನೊ ಗಾತ್ರದ ಇಂಗಾಲದ ಪುಡಿಯವು. ಓದಿದ ಬೆರಳಿಗೆ ಹತ್ತುವ ಮಸಿ ಅಜ್ಜಿಯ ಕಾಡಿಗೆಯ ದಾಯಾದಿ.

(ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಎಳೆಮಕ್ಕಳ ಕಣ್ಣಿನೊಳಗೆ ಕಾಡಿಗೆ ಹಚ್ಚಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ, ಅದನ್ನು ಕೇಳಬೇಕು. ಕೆಲವು ಬಗೆಯ ಸುರ್ಮಾದಲ್ಲಿ ಸೀಸವೂ ಇರುತ್ತದೆ. ಕಾಡಿಗೆಯ ಜ್ಞಾನವನ್ನು ಗೌರವಿಸುವುದು ಎಂದರೆ ಕಣ್ಣುಮುಚ್ಚಿ ಬಳಸುವುದು ಎಂದಲ್ಲ.)

ಕಪ್ಪಿನಿಂದ ಕೆಂಪಿಗೆ ಬರೋಣ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಬಂದವಲ್ಲ, ಅವುಗಳ ಮೇಲೆ ಮೂಡುವ ಗೆರೆಗಾಗಿ ಎದೆ ಬಡಿದುಕೊಂಡು ಕಾಯದ ಮನೆ ಕಡಿಮೆ. ಬಸುರಿನ ಪರೀಕ್ಷೆಯ ಪಟ್ಟಿಯಲ್ಲೂ ಅದೇ ಗೆರೆ. ಇಂಥ ಬಹಳಷ್ಟು ಪಟ್ಟಿಗಳಲ್ಲಿ ಆ ಕೆಂಪು ಗೆರೆ ಬರೆಯುವುದು ಚಿನ್ನ. ಹಳದಿ ಚಿನ್ನವೇ ಕೆಲವು ಹತ್ತು ನ್ಯಾನೊಮೀಟರಿನಷ್ಟು ಚಿಕ್ಕ ಕಣವಾದಾಗ ಮಾಣಿಕ್ಯದ ಕೆಂಪಾಗುತ್ತದೆ. ಹೀಗೇಕೆ? ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ನೆನೆಯಿರಿ. ಹಗ್ಗದ ಉದ್ದಕ್ಕೆ ತಕ್ಕ ಒಂದು ಲಯ ಅದಕ್ಕಿರುತ್ತದೆ. ಆ ಲಯಕ್ಕೆ ಸರಿಯಾಗಿ ನೂಕಿದರೆ ಜೋಕಾಲಿ ಮುಗಿಲಿಗೇರುತ್ತದೆ, ತಪ್ಪಿ ನೂಕಿದರೆ ಅಲ್ಲೇ ತೊನೆಯುತ್ತದೆ. ಚಿನ್ನದ ಸಣ್ಣ ಕಣದೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ಹಾಗೆ ಜೀಕುತ್ತವೆ, ಮತ್ತು ಅವುಗಳ ಲಯ ಹಸಿರು ಬೆಳಕಿನ ಲಯಕ್ಕೆ ಹೊಂದುತ್ತದೆ. ಹಸಿರನ್ನು ಕಣ ಹೀರಿಕೊಂಡಮೇಲೆ ಆಚೆ ದಾಟುವ ಬೆಳಕು ಕೆಂಪು. ಕಣದ ಗಾತ್ರವೋ ಆಕಾರವೋ ಬದಲಾದರೆ ಲಯ ಬದಲಾಗುತ್ತದೆ, ಬಣ್ಣ ನೇರಳೆಗೆ, ನೀಲಿಗೆ ಸರಿಯುತ್ತದೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಾಲದ ಒಂದು ಗಾಜಿನ ಬಟ್ಟಲಿದೆ, ಲೈಕರ್ಗಸ್ ಬಟ್ಟಲು ಎಂದು ಅದರ ಹೆಸರು. ಕ್ರಿಸ್ತಶಕ 4ನೆಯ ಶತಮಾನದ್ದು. ದ್ರಾಕ್ಷಿ ಬಳ್ಳಿಗೆ ಸಿಕ್ಕಿ ಒದ್ದಾಡುವ ರಾಜನ ಚಿತ್ರ ಅದರ ಮೈಮೇಲೆ ಕೆತ್ತಿದೆ. ಎದುರಿನಿಂದ ಬೆಳಕು ಬಿದ್ದಾಗ ಬಟ್ಟಲು ಹಸಿರು, ಒಳಗೊಂದು ದೀಪ ಇಟ್ಟರೆ ಇಡೀ ಬಟ್ಟಲು ಕೆಂಪು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಗಾಜಿನಲ್ಲಿ ಚಿನ್ನ ಬೆಳ್ಳಿ ಬೆರೆತ 50ರಿಂದ 100 ನ್ಯಾನೊಮೀಟರಿನ ಕಣಗಳನ್ನು ತೋರಿಸಿತು. ಆ ಗಾಜುಗಾರನ ಹೆಸರು ಉಳಿದಿಲ್ಲ, ಅವನ ಪಾಕವೂ ಉಳಿಯಲಿಲ್ಲ. ಚಿನ್ನದಿಂದ ಕೆಂಪು ಗಾಜು ಮಾಡುವ ವಿದ್ಯೆ ಯುರೋಪಿನಲ್ಲಿ ಮತ್ತೆ ನೆಲೆಗೊಂಡದ್ದು 17ನೆಯ ಶತಮಾನದಲ್ಲಿ, ಜರ್ಮನಿಯ ಯೋಹಾನ್ ಕುಂಕೆಲ್ ಮತ್ತು ಅವನ ಸಮಕಾಲೀನರ ಕೈಯಲ್ಲಿ. ನಡುವೆ ಸಾವಿರ ವರ್ಷಕ್ಕೂ ಮಿಕ್ಕಿದ ಕಾಲ ಕಳೆದುಹೋಗಿತ್ತು.

ಆ ಕೆಂಪಿನ ಕಾರಣವನ್ನು ಹುಡುಕಲು ಹೊರಟವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯನ್ನು ಶಾಲೆಯಲ್ಲಿ ಓದಿದ್ದೇವೆ. ಚಿನ್ನದ ಫ್ಯಾರಡೆಯನ್ನು ಓದಿಲ್ಲ, ಉಕ್ಕಿನ ಫ್ಯಾರಡೆಯನ್ನಂತೂ ಇಲ್ಲವೇ ಇಲ್ಲ. 1857ರಲ್ಲಿ ರಾಯಲ್ ಸೊಸೈಟಿಯಲ್ಲಿ ಅವನು ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧದ ಮೇಲೆ ಉಪನ್ಯಾಸ ಕೊಟ್ಟ. ಬಡಿದು ತೆಳುವಾಗಿಸಿದ ಚಿನ್ನದ ರೇಕಿನಿಂದ ಅವನ ಪ್ರಯೋಗ ಶುರುವಾಗಿತ್ತು. ರೇಕನ್ನು ಬೆಳಕಿಗೆ ಹಿಡಿದರೆ ಅದರ ಮೂಲಕ ಹಸಿರು ಬೆಳಕು ತೂರಿ ಬರುವುದನ್ನು ಗಮನಿಸಿದ. ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಸೇರಿಸಿದಾಗ ಕೆಂಪು ದ್ರವವಾಯಿತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳೇ ತೇಲುತ್ತಿವೆ, ಬಣ್ಣಕ್ಕೆ ಆ ಸಣ್ಣತನವೇ ಕಾರಣ ಎಂದು ಅವನು ತರ್ಕಿಸಿದ. ಕಣವನ್ನು ನೋಡುವ ಉಪಕರಣ ಅವನ ಬಳಿ ಇರಲಿಲ್ಲ. ಅವನು ಮಾಡಿದ ಕೆಂಪು ಚಿನ್ನದ ಸೀಸೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇದೆ.

ಆ ಚಿನ್ನದ ರೇಕು ನಮಗೆ ಹೊರಗಿನದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರ ಬರೆಯುವವರ ಮುಂದೆ ಒಂದು ಗಂಟೆ ಕುಳಿತರೆ ರೇಕಿನ ಸ್ವಭಾವ ತಿಳಿಯುತ್ತದೆ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಎಳೆದುಕೊಳ್ಳುತ್ತಿದ್ದರು. ದೇವರ ಒಡವೆ, ಕಿರೀಟ, ಪ್ರಭಾವಳಿ ಬರುವ ಕಡೆ ಮಕ್ಕಿ ಸಫೇದ ಎಂಬ ಸರಿಯನ್ನು ನವಿರಾಗಿ ಉಬ್ಬಿಸಿ ಅದರ ಮೇಲೆ ರೇಕು ಕೂರಿಸುತ್ತಾರೆ. ಆಗ ಬೀಸಣಿಗೆ ನಿಲ್ಲಬೇಕು, ಮಾತು ನಿಲ್ಲಬೇಕು, ಉಸಿರನ್ನೂ ಮೆಲ್ಲನೆ ಬಿಡಬೇಕು. ಬಡಿದ ಚಿನ್ನದ ರೇಕಿನ ದಪ್ಪ ಸಾಮಾನ್ಯವಾಗಿ 100 ನ್ಯಾನೊಮೀಟರಿನ ಆಸುಪಾಸು. ಬೆರಳಿಗೆ ತಾಗಿದರೆ ಬೆರಳ ಗೆರೆಗಳಲ್ಲೇ ಕರಗಿಹೋದಂತೆ ಅಂಟಿಕೊಳ್ಳುತ್ತದೆ. ಜಗನ್ಮೋಹನ ಅರಮನೆಯ ಚಿತ್ರಗಳ ಮುಂದೆ ನಿಂತಾಗ ನಾವು ಬೆರಗಾಗುವ ಆ ಹೊಳಪು ತೂಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಚಿನ್ನದ್ದು. ತಂಜಾವೂರಿನ ಚಿತ್ರಕ್ಕೆ ಹೋಲಿಸಿದರೆ ಮೈಸೂರಿನ ಉಬ್ಬುಗೆಲಸ ಕಡಿಮೆ ಎತ್ತರದ್ದು, ಚಿನ್ನ ಹೆಚ್ಚು ಮೆದುವಾಗಿ ಬೆಳಗುತ್ತದೆ. ನನ್ನ ಕಣ್ಣಿಗೆ ಆ ಸಂಯಮವೇ ಅದರ ಚೆಲುವು.

ಈಗ ಉಕ್ಕಿನ ಫ್ಯಾರಡೆ. ಅವನು ಕಮ್ಮಾರನ ಮಗ. ಚಿನ್ನದ ಉಪನ್ಯಾಸಕ್ಕೆ ಸುಮಾರು ನಲವತ್ತು ವರ್ಷ ಮೊದಲೇ, 1819ರಲ್ಲಿ, ಭಾರತದಿಂದ ಬಂದ ಉಕ್ಕಿನ ಗಟ್ಟಿಯೊಂದನ್ನು ಅವನು ವಿಶ್ಲೇಷಿಸಿದ. ಚಾಕುಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಅದನ್ನು ಹೋಲುವ ಉಕ್ಕು ಮಾಡಲು ವರ್ಷಗಟ್ಟಲೆ ಪಟ್ಟು ಹಿಡಿದ. ಇಂಗ್ಲಿಷರು ಆ ಉಕ್ಕನ್ನು ‘ವೂಟ್ಜ್’ ಎನ್ನುತ್ತಿದ್ದರು. ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ, ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಆಗ ಅಚ್ಚಿಗೆ ಬಂದ ಈ ಹೆಸರಿನ ಬೇರು ನಮ್ಮ ‘ಉಕ್ಕು’ ಎಂಬ ಮಾತಿನಲ್ಲಿದೆ ಎಂಬುದನ್ನು ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. ಜಗತ್ತಿನ ಲೋಹವಿದ್ಯೆಯ ಪುಸ್ತಕಗಳಲ್ಲಿ ಕನ್ನಡದ ಒಂದು ಪದ ಹೀಗೆ ರೂಪ ಕೆಟ್ಟು ಕುಳಿತಿದೆ.

ಆ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿಗಳೆಂದು ಹೆಸರಾದ ಅಲಗುಗಳಾದವು. ಆ ಅಲಗಿನ ಮೇಲೆ ಹರಿಯುವ ನೀರಿನ ಅಲೆಯಂಥ ಚಿತ್ತಾರವಿರುತ್ತದೆ, ಅದು ಬರೆದದ್ದಲ್ಲ, ಲೋಹದ ಒಳಗಿನಿಂದಲೇ ಎದ್ದು ಬಂದದ್ದು. 17ನೆಯ ಶತಮಾನದ ಅಂಥ ಒಂದು ಕತ್ತಿಯ ಚೂರನ್ನು ಜರ್ಮನಿಯ ಡ್ರೆಸ್ಡನ್ನಿನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳು ಕಂಡವು ಎಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಅಲಗಿನ ಗುಣದಲ್ಲಿ ಕೊಳವೆಗಳ ಪಾತ್ರ ಎಷ್ಟು ಎಂಬುದು ವಿಜ್ಞಾನಿಗಳು ಚರ್ಚಿಸಬೇಕಾದ ಸಂಗತಿ. ನನ್ನನ್ನು ಹಿಡಿದು ನಿಲ್ಲಿಸುವುದು ಉಕ್ಕು ಮಾಡುತ್ತಿದ್ದ ಬಗೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ಒಣಗಿದ ತಂಗಡಿ ಗಿಡದ ಕಟ್ಟಿಗೆ, ಮೇಲೆ ಹಸಿ ಎಲೆ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿಟ್ಟು ತಿದಿ ಒತ್ತುತ್ತಿದ್ದರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟ. ಯಾವ ಕಟ್ಟಿಗೆ, ಎಷ್ಟು ಹೊತ್ತು, ಯಾವ ಬಣ್ಣದ ಉರಿ ಎಂಬುದು ತಿದಿ ಒತ್ತುವವರಿಗೆ ಗೊತ್ತಿತ್ತು. ಅವರು ಬರೆಯಲಿಲ್ಲ, ಬರೆಯುವ ಸ್ಥಿತಿಯಲ್ಲಿ ಅವರನ್ನು ನಮ್ಮ ಸಮಾಜ ಇಟ್ಟಿರಲಿಲ್ಲ.

19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಯ ಅಗ್ಗದ ಉಕ್ಕು ಬಂದಿತು, ಕುಲುಮೆಗಳು ಒಂದೊಂದಾಗಿ ಆರಿದವು. ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್‌ಹೋವೆನ್ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಅದಿರಿನಲ್ಲಿ ಇರುವ ವನೇಡಿಯಮ್ಮಿನಂಥ ಲೋಹಗಳ ಅತ್ಯಲ್ಪ ಅಂಶವೇ ಆ ಚಿತ್ತಾರಕ್ಕೆ ಕಾರಣ ಎಂದು 1998ರಲ್ಲಿ ವಿವರಿಸಿದರು. ಬೆಂಗಳೂರಿನಲ್ಲಿ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಈ ಉಕ್ಕಿನ ಕತೆಯನ್ನು ಪುಸ್ತಕವಾಗಿಯೇ ಬರೆದಿದ್ದಾರೆ. ತಂಗಡಿ ಗಿಡ ನಮ್ಮ ಬಯಲುಸೀಮೆಯ ರಸ್ತೆಯ ಪಕ್ಕ ಇಂದೂ ಹಳದಿ ಹೂ ಬಿಟ್ಟು ನಿಂತಿದೆ. ಮೂಸೆ ಕಟ್ಟುವವರು ಇಲ್ಲ.

ಕಪ್ಪಿನಲ್ಲೂ ಇಂಥದೇ ಹಳಮೆ ಇದೆ. ತಮಿಳುನಾಡಿನ ಕೀಳಡಿಯಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಿಂದಿನ ಮಡಕೆ ಚೂರುಗಳ ಕಪ್ಪು ಲೇಪದಲ್ಲಿ ಇಂಗಾಲದ ನ್ಯಾನೊ ಕೊಳವೆಗಳು ಇರುವುದನ್ನು ವೆಲ್ಲೂರಿನ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಕುಂಬಾರ ತನ್ನ ಆವಿಗೆಯಲ್ಲಿ ಏನು ಆಗುತ್ತಿದೆ ಎಂದು ನಮ್ಮ ಭಾಷೆಯಲ್ಲಿ ಹೇಳಲಾರ, ಆದರೆ ಲೇಪ ಉದುರದಂತೆ ಮಾಡುವುದು ಅವನಿಗೆ ತಿಳಿದಿತ್ತು. ‘ನಮ್ಮವರಿಗೆ ಎಲ್ಲವೂ ಗೊತ್ತಿತ್ತು’ ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅವರಿಗೆ ಪರಮಾಣು ಗೊತ್ತಿರಲಿಲ್ಲ, ಹದ ಗೊತ್ತಿತ್ತು. ಹದ ಎಂಬುದು ಕಡಿಮೆ ದರ್ಜೆಯ ಜ್ಞಾನವಲ್ಲ.

ಕುಶಲಕರ್ಮಿಯ ಹದದಿಂದಲೇ ವಿಜ್ಞಾನ ಎಷ್ಟು ಪಡೆದಿದೆ ಎಂಬುದಕ್ಕೆ ನಮ್ಮ ಬೈಠಕ್ಕಿನಲ್ಲೇ ಒಂದು ಸಾಕ್ಷಿ ಇದೆ. ಕ್ಯೂಎಲ್‌ಇಡಿ ಎಂದು ಹೆಸರು ಹೊತ್ತ ಟಿವಿಗಳ ಬಣ್ಣ ಅಷ್ಟು ಶುದ್ಧವಾಗಿ ಕಾಣುವುದು ಕ್ವಾಂಟಮ್ ಡಾಟ್ ಎಂಬ ನ್ಯಾನೊ ಹರಳುಗಳಿಂದ. ಅವುಗಳಿಗಾಗಿ 2023ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಅಲೆಕ್ಸಿ ಎಕಿಮೋವ್ ಅವನ್ನು ಕಂಡದ್ದು ಬಣ್ಣದ ಗಾಜನ್ನು ಅಭ್ಯಾಸ ಮಾಡುವಾಗ. ಒಂದೇ ಲವಣ ಬೆರೆಸಿದ ಗಾಜು, ಕಾಯಿಸಿದ ಬಗೆಗೆ ತಕ್ಕಂತೆ ಬೇರೆ ಬೇರೆ ಬೆಳಕನ್ನು ಹೀರುತ್ತದೆ. ಗಾಜುಗಾರರಿಗೆ ಇದು ಶತಮಾನಗಳಿಂದ ಗೊತ್ತಿದ್ದ ಮಾತು. ಒಳಗಿನ ಹರಳು ಚಿಕ್ಕದಾದಂತೆ ಬಣ್ಣ ಬದಲಾಗುತ್ತದೆ ಎಂಬ ಕಾರಣವನ್ನು ಎಕಿಮೋವ್ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಬಣ್ಣವೇ ಇಲ್ಲದೆ ಬಣ್ಣ ಹುಟ್ಟುವ ದಾರಿಯೂ ಇದೆ, ನವಿಲುಗರಿಯದು ಆ ದಾರಿ: ಅದರೊಳಗಿನ ನ್ಯಾನೊ ಕಡ್ಡಿಗಳ ಜೋಡಣೆಯ ನಡುವಿನ ಅಂತರವೇ ನೀಲಿ, ಹಸಿರು, ಕಂದು ಎಂದು ನಮ್ಮ ಕಣ್ಣಿಗೆ ಬರುತ್ತದೆ.

ಈಗ ಹೇಳಹೊರಟಿರುವುದು ನನಗೆ ನೋವು ತಂದ ಸಂಗತಿ. 2014ರಲ್ಲಿ ಬ್ರಿಟನ್ನಿನ ಸರ್ರೆ ನ್ಯಾನೊಸಿಸ್ಟಮ್ಸ್ ಎಂಬ ಸಂಸ್ಥೆ ‘ವ್ಯಾಂಟಾಬ್ಲ್ಯಾಕ್’ ಎಂಬ ಕಪ್ಪನ್ನು ತಂದಿತು. ನೆಟ್ಟಗೆ ನಿಂತ ಇಂಗಾಲದ ನ್ಯಾನೊ ಕೊಳವೆಗಳ ಕಾಡು ಅದು. ಮಲೆನಾಡಿನ ದಟ್ಟ ಕಾಡಿಗೆ ಇಳಿದ ಬಿಸಿಲು ನೆಲಕ್ಕೆ ಬರುವ ಮೊದಲೇ ಮುಗಿದುಹೋಗುವಂತೆ, ಬಿದ್ದ ಬೆಳಕಿನ ಶೇಕಡಾ 99.96ಕ್ಕೂ ಹೆಚ್ಚು ಭಾಗ ಅದರೊಳಗೇ ಇಂಗಿಹೋಗುತ್ತದೆ. ಅದನ್ನು ಲೇಪಿಸಿದ ಉಬ್ಬುತಗ್ಗಿನ ವಸ್ತು ಚಪ್ಪಟೆಯಾದ ತೂತಿನಂತೆ ಕಾಣುತ್ತದೆ. 2016ರಲ್ಲಿ ಆ ಸಂಸ್ಥೆ ಕಲೆಯಲ್ಲಿ ಇದನ್ನು ಬಳಸುವ ಹಕ್ಕನ್ನು ಒಬ್ಬನೇ ಕಲಾವಿದನಿಗೆ ಕೊಟ್ಟಿತು. ಮುಂಬೈಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಶಿಲ್ಪಿ ಅನೀಶ್ ಕಪೂರ್ ಆ ಕಲಾವಿದರು. ಕಲಾಲೋಕದಲ್ಲಿ ಸಿಟ್ಟೆದ್ದಿತು. ಸ್ಟೂವರ್ಟ್ ಸೆಂಪಲ್ ಎಂಬ ಇಂಗ್ಲಿಷ್ ಕಲಾವಿದ ಅತಿ ಗಾಢವಾದ ಗುಲಾಬಿ ಬಣ್ಣವೊಂದನ್ನು ಮಾಡಿ, ಕಪೂರರೊಬ್ಬರನ್ನು ಬಿಟ್ಟು ಯಾರು ಬೇಕಾದರೂ ಕೊಳ್ಳಬಹುದು ಎಂದು ಮಾರಾಟಕ್ಕಿಟ್ಟ. ಅದು ಸಿಟ್ಟಿನ ಉತ್ತರ. 2019ರಲ್ಲಿ ಅಮೆರಿಕದ ಎಂಐಟಿಯ ಬ್ರಯನ್ ವಾರ್ಡಲ್ ಮತ್ತು ಕಲಾವಿದೆ ಡೀಮುಟ್ ಸ್ಟ್ರೇಬೆ ಕೊಟ್ಟ ಉತ್ತರ ನನಗೆ ಹೆಚ್ಚು ಹಿಡಿಸಿತು. ಇನ್ನೂ ಕಪ್ಪಾದ ನ್ಯಾನೊ ಕೊಳವೆಯ ಲೇಪವನ್ನು ಅವರು 16.78 ಕ್ಯಾರೆಟ್ಟಿನ, ಇಪ್ಪತ್ತು ಲಕ್ಷ ಡಾಲರ್ ಬೆಲೆಯ ಹಳದಿ ವಜ್ರಕ್ಕೆ ಹಚ್ಚಿ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಪ್ರದರ್ಶಿಸಿದರು. ವಜ್ರದ ಹೊಳಪು ಅಳಿದು ಒಂದು ಕತ್ತಲ ಚುಕ್ಕೆ ಉಳಿಯಿತು. ವಜ್ರವೂ ಇಂಗಾಲ, ಆ ಕಪ್ಪೂ ಇಂಗಾಲ. ತಮ್ಮ ಕಪ್ಪನ್ನು ಯಾವ ಕಲಾವಿದರಾದರೂ ಬಳಸಬಹುದು ಎಂದೂ ಅವರು ಹೇಳಿದರು.

ವ್ಯಾಂಟಾಬ್ಲ್ಯಾಕ್ ಡಬ್ಬಿಯಲ್ಲಿ ಮಾರುವ ಬಣ್ಣವಲ್ಲ, ವಿಶೇಷ ಕುಲುಮೆಯಲ್ಲಿ ಬೆಳೆಸಬೇಕಾದದ್ದು, ಎಲ್ಲರಿಗೂ ಒದಗಿಸುವುದು ಕಷ್ಟ ಎಂಬ ವಾದವಿದೆ. ಅದರಲ್ಲಿ ನಿಜವೂ ಇದೆ. ಕಷ್ಟ ಎನ್ನುವುದು ಬೇರೆ, ಉಳಿದವರು ಮುಟ್ಟಬಾರದು ಎನ್ನುವುದು ಬೇರೆ. ಒಂದು ಉಪಕರಣದ ಮೇಲೆ, ಒಂದು ವಿಧಾನದ ಮೇಲೆ ಕೆಲವು ಕಾಲದ ಹಕ್ಕು ಇರಲಿ. ಒಂದು ಕಪ್ಪು ಒಬ್ಬರಿಗೇ ಸೇರಬೇಕು ಎಂಬುದನ್ನು ನಾನು ಒಪ್ಪಲಾರೆ. ನಮ್ಮ ಕಾಡಿಗೆ ಒಂದು ಮನೆಯಲ್ಲಿ ಮಾಡಿದರೆ ಬೀದಿಯ ಎಲ್ಲ ಮಕ್ಕಳ ಕೆನ್ನೆಗೂ ಬೊಟ್ಟಾಗುತ್ತಿತ್ತು.

ನಾವು ಕೂಡ ಬೀಗ ಹಾಕಿದ್ದೇವೆ, ಬೇರೆ ರೀತಿಯಲ್ಲಿ. ಕೈಗುಣ ಎಂದು ಹೊಗಳಿ ಕೈಯವರನ್ನು ಕೇಳದೆ ಬಿಟ್ಟೆವು. ಚಿನ್ನದ ರೇಕು ಕೂರಿಸುವವರ ಹತ್ತಿರ, ಆವಿಗೆ ಸುಡುವವರ ಹತ್ತಿರ, ಬಟ್ಟೆಗೆ ಬಣ್ಣ ಕಟ್ಟುವವರ ಹತ್ತಿರ ಇರುವ ಹದ ಅವರ ಜೊತೆಗೇ ಹೋಗುತ್ತಿದೆ. ನ್ಯಾನೊ ವಿಜ್ಞಾನದ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ, ಕುಶಲಕರ್ಮಿಗಳೂ ಅದೇ ರಾಜ್ಯದಲ್ಲಿದ್ದಾರೆ. ಅವರಿಬ್ಬರನ್ನು ಒಂದು ಜಗಲಿಯ ಮೇಲೆ ಕೂರಿಸುವ ಕೆಲಸ ಇನ್ನೂ ಬಹಳ ಉಳಿದಿದೆ.

ನನ್ನ ಅಜ್ಜಿ ಇಟ್ಟಿಗೆಯ ಮೇಲೆ ಎಷ್ಟು ಹಂಚಿನ ಚೂರು ಇಡುತ್ತಿದ್ದಳು ಎಂದು ನಾನು ಎಣಿಸಲಿಲ್ಲ. ನಿಮ್ಮ ಮನೆಯಲ್ಲಿ ಕಾಡಿಗೆ ಮಾಡಿ ಬಲ್ಲ, ಬಣ್ಣ ಕುದಿಸಿ ಬಲ್ಲ, ಕುಲುಮೆ ಊದಿ ಬಲ್ಲ ಹಿರಿಯರಿದ್ದರೆ ಈ ಭಾನುವಾರ ಅವರ ಪಕ್ಕ ಕುಳಿತುಕೊಳ್ಳಿ. ಎಣ್ಣೆ ಎಷ್ಟು, ಯಾವ ಸೊಪ್ಪು, ಯಾವ ತಿಂಗಳಲ್ಲಿ ಕಿತ್ತದ್ದು, ಉರಿಗೂ ತಟ್ಟೆಗೂ ನಡುವೆ ಎಷ್ಟು ಬೆರಳು ಎಂದು ಕೇಳಿ, ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಹೇಳಿದವರ ಹೆಸರನ್ನೂ ಸೇರಿಸಿ.